ಹರಿಹರದ ನಕ್ಷೆಯಲ್ಲಿ ಯಾರಿದ್ದಾರೆ?

ಹರಿಹರ ಅಭಿವೃದ್ಧಿಯಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಕಾರ್ಮಿಕನೂ ಅದನ್ನೇ ಹೇಳುತ್ತಾನೆ, ಅಂಗಡಿಕಾರನೂ ಅದನ್ನೇ ಹೇಳುತ್ತಾನೆ. ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಕೂತ ಮಹನೀಯರಂತೂ ಅದನ್ನು ಬಿಟ್ಟು ಬೇರೆ ಹೇಳುವುದೇ ಇಲ್ಲ. ತಕರಾರು ಇರುವುದು ಕೆಲಸ ಎಲ್ಲಿಂದ ಆರಂಭವಾಗಬೇಕು ಎಂಬಲ್ಲಿ. ಮಂಟಪದಿಂದಲೋ, ಮೋರಿಯಿಂದಲೋ?

2022ರ ಫೆಬ್ರವರಿಯಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ತುಂಗಭದ್ರೆಯ ದಡದಲ್ಲಿ 108 ಮಂಟಪಗಳಿಗೆ ಶಂಕುಸ್ಥಾಪನೆ ಮಾಡಿದರು. ಕಾಶಿಯ ಗಂಗಾರತಿಯ ಹಾಗೆ ಇಲ್ಲಿಯೂ ಆರತಿ ನಡೆಯಬೇಕು, ಯಾತ್ರಿಕರು ಬರಬೇಕು, ಊರು ಬೆಳೆಯಬೇಕು ಎಂಬುದು ಎಣಿಕೆ. ಅದಕ್ಕೆ ನಾಲ್ಕು ವರ್ಷ ಮೊದಲು, 2018ರಲ್ಲಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ದೇಶದ ನದಿಗಳಲ್ಲಿ 351 ಕಲುಷಿತ ಭಾಗಗಳನ್ನು ಪಟ್ಟಿ ಮಾಡಿದ್ದರು. ಅದರಲ್ಲಿ ಕರ್ನಾಟಕದ ಪಾಲು 17. ತುಂಗಭದ್ರೆ ಆ ಹದಿನೇಳರಲ್ಲಿ ಒಂದು, ಮತ್ತು ಅದರ ಕೆಟ್ಟ ಭಾಗ ಹರಿಹರದಿಂದಲೇ ಆರಂಭ.

ಆರತಿಗೆ ನಮ್ಮ ವಿರೋಧವಿಲ್ಲ. ಯಾತ್ರಿಕರು ಬಂದರೆ ಹೂವು ಕಾಯಿ ಮಾರುವವರಿಗೆ, ಮಂಡಕ್ಕಿ ಮಿರ್ಚಿ ಅಂಗಡಿಯವರಿಗೆ, ಆಟೋದವರಿಗೆ ನಾಲ್ಕು ಕಾಸು ಸಿಕ್ಕೀತು, ಸಿಗಲಿ. ಆದರೆ ಯಾತ್ರಿಕ ಮೊದಲು ಹೊಳೆಯಲ್ಲಿ ಮುಳುಗಿ ಆಮೇಲೆ ದೇವರ ಮುಂದೆ ನಿಲ್ಲುವವನು. ಅವನು ಮುಳುಗುವ ನೀರನ್ನು ಬಿಟ್ಟು ಮೆಟ್ಟಿಲಿಗೆ ಬಣ್ಣ ಹಚ್ಚುವುದು ಯಾವ ಯೋಜನೆ?

ಈ ಊರು ಹುಟ್ಟಿದ್ದೇ ನೀರಿನಿಂದ. ಸೂಳೆಕೆರೆಯಿಂದ ಹೊರಟ ಹರಿದ್ರೆ ಇಲ್ಲಿ ತುಂಗಭದ್ರೆಯನ್ನು ಕೂಡುತ್ತದೆ; ಅದಕ್ಕೇ ಹಳೆಯ ಹೆಸರು ಕೂಡಲೂರು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಹರಿಹರೇಶ್ವರನ ಗುಡಿ ಕಟ್ಟಿಸಿದ್ದು ಸುಮಾರು 1224ರಲ್ಲಿ. 1868ರಲ್ಲಿ ಹೊಳೆಗೆ ಕಲ್ಲಿನ ಸೇತುವೆಯಾಯಿತು. ಬೆಂಗಳೂರಿನಿಂದ ಧಾರವಾಡದ ಕಡೆಗೆ ಹೋಗುವ ಗಾಡಿಗಳೆಲ್ಲ ಈ ಊರನ್ನು ಹಾದೇ ಹೋಗಬೇಕಾಯಿತು. ಹಾದುಹೋಗುವವನು ಇಳಿಯುತ್ತಾನೆ, ಇಳಿದವನು ಕೊಳ್ಳುತ್ತಾನೆ. ಸಣ್ಣ ವ್ಯಾಪಾರಿ ಬದುಕಿದ್ದು ಹಾಗೆ. ಮುಂದೆ ದೊಡ್ಡ ಹೆದ್ದಾರಿ ಊರ ಹೊರಗೆ ಸರಿಯಿತು. ಲಾರಿಗಳ ಸದ್ದು ಕಡಿಮೆಯಾದದ್ದು ನಿಜ, ಗಲ್ಲಾಪೆಟ್ಟಿಗೆಯ ಸದ್ದೂ ಕಡಿಮೆಯಾಯಿತು.

ಇನ್ನು ಕಾರ್ಖಾನೆಗಳ ವಿಷಯ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಬಂತು, ಲೇತ್ ಯಂತ್ರಗಳನ್ನು ಮಾಡಿತು. ಹರಿಹರದ ಹೆಸರು ದೇಶದ ಕಾರ್ಖಾನೆಗಳಿಗೆಲ್ಲ ತಿಳಿಯಿತು. ಹೊಸ ಶತಮಾನದ ಆರಂಭದಲ್ಲಿ ಅದು ಬಾಗಿಲು ಹಾಕಿದಾಗ ಕೂದಲೆಳೆಯಷ್ಟು ತಪ್ಪದೆ ಉಕ್ಕನ್ನು ಕಡೆಯುತ್ತಿದ್ದ ಕೈಗಳು ಬರಿದಾದವು. ಸಂಬಳದ ದಿನ ತೀರುತ್ತಿದ್ದ ದಿನಸಿ ಅಂಗಡಿಯ ಉದ್ರಿ ಲೆಕ್ಕ ತೀರದೆ ನಿಂತಿತು. ಕಾರ್ಮಿಕನ ಹಿತ ಬೇರೆ, ವ್ಯಾಪಾರಿಯ ಹಿತ ಬೇರೆ ಎನ್ನುವವರು ಆ ಉದ್ರಿ ಪುಸ್ತಕಗಳನ್ನು ಒಮ್ಮೆ ತೆಗೆದು ನೋಡಬೇಕು. ದಾವಣಗೆರೆಯ ಹತ್ತಿ ಗಿರಣಿಗಳ ಸೈರನ್ನು ನಿಂತಾಗಲೂ ಇದೇ ಆಯಿತು. ಗಿರಣಿ ಓದುಗರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಹೊಳೆಯಾಚೆ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಆರಂಭವಾಯಿತು. ಹೆಸರು ಹರಿಹರದ್ದು, ನೆಲ ರಾಣೆಬೆನ್ನೂರು ತಾಲ್ಲೂಕಿನದು. ಅದು ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿತು ಎಂಬುದನ್ನು ಮರೆಯುವ ಕೃತಘ್ನರು ನಾವಲ್ಲ. ಅದರ ತ್ಯಾಜ್ಯದ ನೀರಿನ ಬಗ್ಗೆ ಕೆಳಗಿನ ಹಳ್ಳಿಗಳವರು ಕೋರ್ಟು ಹತ್ತಬೇಕಾಯಿತು ಎಂಬುದೂ ಅಷ್ಟೇ ಸತ್ಯ. ಅದರ ಮರದ ಹಸಿವಿಗಾಗಿ 1984ರಲ್ಲಿ ಸರ್ಕಾರವೇ ಪಾಲುದಾರನಾಗಿ ಇನ್ನೊಂದು ಕಂಪನಿ ಕಟ್ಟಿ, ಹಳ್ಳಿಗರ ಗೋಮಾಳಗಳಲ್ಲಿ ನೀಲಗಿರಿ ನೆಡಲು ಹೊರಟಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ರೈತರು ನೀಲಗಿರಿ ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. 1991ರಲ್ಲಿ ಆ ಕಂಪನಿ ಮುಚ್ಚಿತು. ಹಳ್ಳಿಗರನ್ನು ಮೊದಲೇ ಕೇಳಿದ್ದರೆ ಏಳು ವರ್ಷ ಉಳಿಯುತ್ತಿತ್ತು.

ಇಷ್ಟಾದ ಮೇಲೂ ಊರನ್ನು ಒಂದೇ ಗೂಟಕ್ಕೆ ಕಟ್ಟುವ ಚಟ ನಮ್ಮವರಿಗೆ ಹೋಗಿಲ್ಲ. ಮೊದಲು ಒಂದು ದೊಡ್ಡ ಕಂಪನಿ, ಆಮೇಲೆ ಇನ್ನೊಂದು, ಈಗ ಯಾತ್ರಿಕ. ಹತ್ತು ಜನ ಕೆಲಸ ಮಾಡುವ ನೂರು ವರ್ಕ್‌ಶಾಪುಗಳಿಗೆ ಅಗ್ಗದ ಬಾಡಿಗೆಯ ಶೆಡ್ಡು, ನಂಬುವಂಥ ವಿದ್ಯುತ್ತು, ಸಹಕಾರಿ ಸಾಲ ಇವು ಸಿಕ್ಕರೆ ಲೇತಿನ ವಿದ್ಯೆ ಈ ಊರಲ್ಲೇ ಉಳಿದೀತು. ಒಂದು ಮುಚ್ಚಿದರೆ ತೊಂಬತ್ತೊಂಬತ್ತು ನಡೆಯುತ್ತವೆ.

ಹರಿಹರಕ್ಕೂ ದಾವಣಗೆರೆಗೂ ನಗರಾಭಿವೃದ್ಧಿ ಪ್ರಾಧಿಕಾರ ಒಂದೇ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ್ದು ಮಾತ್ರ ದಾವಣಗೆರೆ. ಊರು ಬೆಳೆಯುವ ದಾರಿಯನ್ನು ತೀರ್ಮಾನಿಸುವುದು ಈ ಪ್ರಾಧಿಕಾರದ ಮಹಾಯೋಜನೆಯ ನಕ್ಷೆ. ಅದರಲ್ಲಿ ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ. ಮಕ್ಕಳಿಗೆ ನಕ್ಷೆ ತುಂಬಿಸುವುದನ್ನು ಕಲಿಸಿದ ನಮಗೆ ಇದು ಅಚ್ಚುಕಟ್ಟಾಗಿಯೇ ಕಾಣುತ್ತದೆ. ಆದರೆ ಮುಂದೆ ಅಂಗಡಿ, ಹಿಂದೆ ಮನೆ, ಪಕ್ಕದ ಸಂದಿಯಲ್ಲಿ ವೆಲ್ಡಿಂಗು ಇಟ್ಟುಕೊಂಡಿರುವವನ ಹತ್ತು ಗಜ ಜಾಗಕ್ಕೆ ಯಾವ ಬಣ್ಣ?

ಗುಡಿಯ ಸುತ್ತಲಿನವರ ಕಷ್ಟ ಇನ್ನೊಂದು ಬಗೆಯದು. ಹರಿಹರೇಶ್ವರ ದೇವಾಲಯ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. 2010ರ ತಿದ್ದುಪಡಿಯಂತೆ ಸುತ್ತ 100 ಮೀಟರಿನಲ್ಲಿ ಹೊಸ ಕಟ್ಟಡ ಕೂಡದು. ಅಲ್ಲಿಂದಾಚೆಗೆ 200 ಮೀಟರು ಅನುಮತಿ ಬೇಕು. ಗುಡಿ ಉಳಿಯಬೇಕಾದರೆ ಈ ಕಟ್ಟಳೆ ಬೇಕು. ಆದರೆ 100 ಮೀಟರಿನ ಒಳಗೂ ಇದ್ದ ಮನೆಯ ದುರಸ್ತಿಗೆ ಅನುಮತಿ ಪಡೆಯಲು ಕಾನೂನಿನಲ್ಲಿ ದಾರಿಯಿದೆ ಎಂಬುದು ಸೋರುವ ಮಾಳಿಗೆಯ ಕೆಳಗೆ ಕೂತವರಿಗೆ ತಿಳಿಯಬೇಡವೇ? ನಗರಸಭೆಯವರು ಒಬ್ಬ ಗುಮಾಸ್ತೆಯನ್ನು ಕೂರಿಸಿ ಅರ್ಜಿ ಬರೆಸಿಕೊಡಲಿ.

ಬೀದಿ ವ್ಯಾಪಾರಿಗಳೂ ತಮ್ಮ ಹಕ್ಕನ್ನು ತಿಳಿದಿರಬೇಕು. 2014ರ ಕಾಯಿದೆಯಂತೆ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವತನಕ ಅವರನ್ನು ಎಬ್ಬಿಸುವ ಹಾಗಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಂತೆ ಅವರವರೇ ಇರಬೇಕು. ನದಿ ದಡ ಚೆಂದ ಮಾಡುತ್ತೇವೆಂದು ಬಂದವರು ಮೊದಲು ಎತ್ತಿಸುವುದು ಕೈಗಾಡಿಯನ್ನೇ ಆದ್ದರಿಂದ ಇದನ್ನು ಹೇಳುತ್ತಿದ್ದೇವೆ.

ಮಹಾಯೋಜನೆಯ ಕರಡು ಹೊರಬಂದಾಗ ಆಕ್ಷೇಪಣೆ ಕೊಡಿರೆಂದು ಸಾರ್ವಜನಿಕರಿಗೆ ನೋಟೀಸು ಹೊರಡಿಸುತ್ತಾರೆ. ಅದು ಪತ್ರಿಕೆಯ ಮೂಲೆಯಲ್ಲಿ ಇರುವೆ ಅಕ್ಷರದಲ್ಲಿರುತ್ತದೆ. ಸಂಘದ ಒಬ್ಬರಾದರೂ ಪ್ರಾಧಿಕಾರದ ಕಚೇರಿಗೆ ಹೋಗಿ ನಕ್ಷೆಯಲ್ಲಿ ತಮ್ಮ ಬೀದಿಯನ್ನು ಹುಡುಕಬೇಕು. ಆಕ್ಷೇಪಣೆಗೆ ಬಿಳಿ ಹಾಳೆ ಸಾಕು. ವಾರ್ಡು ಬರೆಯಿರಿ, ಸರ್ವೆ ನಂಬರು ಬರೆಯಿರಿ, ಎಷ್ಟು ವರ್ಷದಿಂದ ಅಲ್ಲಿ ದುಡಿಯುತ್ತಿದ್ದೀರಿ ಬರೆಯಿರಿ. ನಿಮ್ಮ ಬೀದಿಯ ಮೋರಿ ಯಾವ ಘಟ್ಟದಲ್ಲಿ ಹೊಳೆಗೆ ಬೀಳುತ್ತದೆಂಬುದನ್ನೂ ಬರೆದು, ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಹೊರಗೆ ಬನ್ನಿ.