ಪರದೆ ಇಲ್ಲದ ಕಂಪ್ಯೂಟರ್‌ಗೆ ಚೀಟಿಯಾದರೂ ಇರಲಿ

ಮಡಿವಾಳ ಮಾರ್ಕೆಟ್, ಸಂಜೆ ಆರೂವರೆ. ಹೊಸೂರು ರಸ್ತೆಯಲ್ಲಿ ಬಸ್ ಇಳಿದವರು ಸೊಪ್ಪಿನ ಸಾಲಿಗೆ ನುಗ್ಗುವ ಹೊತ್ತು. ಗೋಣಿತಾಟಿನ ಮೇಲೆ ಕೂತ ಹೆಂಗಸೊಬ್ಬರು ಒಂದು ಕೈಯಲ್ಲಿ ಮೆಂತ್ಯದ ಕಟ್ಟು ಕೊಡುತ್ತ, ಇನ್ನೊಂದರಲ್ಲಿ ಕೊತ್ತಂಬರಿಗೆ ನೀರು ಚಿಮುಕಿಸುತ್ತಿದ್ದಾರೆ. ಬುಟ್ಟಿಗೆ ಒರಗಿಸಿದ ರಟ್ಟಿನ ಮೇಲೆ ಕ್ಯೂಆರ್ ಚೀಟಿ, ಪಕ್ಕದಲ್ಲೇ ಅಂಗೈಯಗಲದ ಸೌಂಡ್‌ಬಾಕ್ಸ್. ಗಿರಾಕಿ ಫೋನ್ ಹಿಡಿದು ‘ಹೋಯ್ತಕ್ಕಾ’ ಅನ್ನುತ್ತಾನೆ. ಅವರು ತಲೆ ಎತ್ತುವುದಿಲ್ಲ. ಪೆಟ್ಟಿಗೆ ‘ಮೂವತ್ತು ರೂಪಾಯಿ’ ಅಂದ ಮೇಲೆಯೇ ‘ಹ್ಞೂಂ, ಬಂತು’ ಅನ್ನುತ್ತಾರೆ. ಒದ್ದೆ ಕೈ ಒರೆಸಿಕೊಂಡು ಫೋನ್ ಹುಡುಕುವ ಪ್ರಮೇಯವೇ ಇಲ್ಲ.

ಅವರು ಆಗ ಬಳಸಿದ್ದು ಕಂಪ್ಯೂಟರನ್ನೇ. ಗಿರಾಕಿಯ ಬ್ಯಾಂಕು, ಅವರ ಬ್ಯಾಂಕು, ನಡುವೆ ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ, ಆ್ಯಪ್ ಕಂಪನಿಯ ಸರ್ವರ್ ಎಲ್ಲವನ್ನೂ ದಾಟಿ ಬಂದ ಸಂದೇಶ ಪೆಟ್ಟಿಗೆಯೊಳಗಿನ ಸಿಮ್‌ಗೆ ತಲುಪಿ ದನಿಯಾಗುತ್ತದೆ. ಹೋಗುವ ದಾರಿ ಕಾಗದದ್ದು, ಬರುವ ದಾರಿ ಕಿವಿಯದ್ದು. ವಾಹನದ ಬಿಡಿಭಾಗಗಳ ಲೆಕ್ಕಕ್ಕೆಂದು ಜಪಾನಿನ ಡೆನ್ಸೊ ವೇವ್ 1994ರಲ್ಲಿ ರೂಪಿಸಿದ್ದು ಈ ಕ್ಯೂಆರ್ ಚೌಕ. ಕಾರ್ಖಾನೆಯ ಜಿಡ್ಡಿಗೆ ಹೆದರದಂತೆ ಮಾಡಿದ್ದರಿಂದ ಮಡಿವಾಳದ ಕೆಸರಿಗೂ ಹೆದರುವುದಿಲ್ಲ; ಸ್ವಲ್ಪ ಭಾಗ ಹರಿದರೂ ಓದಿಸಿಕೊಳ್ಳುತ್ತದೆ. 2016ರಲ್ಲಿ ಶುರುವಾದ ಯುಪಿಐ 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿ ವಹಿವಾಟು ದಾಟಿತು. ಈ ಚೀಟಿ, ಈ ದನಿ ಇಲ್ಲದೆ ಅದು ಸೊಪ್ಪಿನ ಸಾಲಿಗೆ ಇಳಿಯುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಹಣ ಕಳಿಸದೆಯೇ ನಕಲಿ ಸ್ಕ್ರೀನ್‌ಶಾಟ್ ತೋರಿಸಿ ಜಾರಿಕೊಳ್ಳುವವರಿಂದ ಇವರನ್ನು ಕಾದದ್ದೂ ಆ ದನಿಯೇ.

ಪರದೆಯಿಲ್ಲದೆ ಕಂಪ್ಯೂಟರ್ ಬಳಸಿಸುವ ಇನ್ನೊಂದು ಪ್ರಯತ್ನ ಇದೇ ಊರಿನಲ್ಲಿ ಹುಟ್ಟಿದ್ದು. ಮೈಕ್ರೋಸಾಫ್ಟ್ ರಿಸರ್ಚ್‌ನ ಬೆಂಗಳೂರು ಕೇಂದ್ರದಲ್ಲಿ ಬಿಲ್ ಥೀಸ್ ಮತ್ತು ಸಂಗಡಿಗರು ಕ್ಷಯರೋಗಿಗಳಿಗಾಗಿ 99ಡಾಟ್ಸ್ ರೂಪಿಸಿದರು. ಮಾತ್ರೆಯ ಹಾಳೆಗೆ ಒಂದು ಕಾಗದದ ಹೊದಿಕೆ. ಮಾತ್ರೆ ಒತ್ತಿ ತೆಗೆದಾಗ ಅದರ ಹಿಂದೆ ಅಡಗಿದ್ದ ಫೋನ್ ನಂಬರ್ ಕಾಣುತ್ತದೆ. ಯಾವುದೇ ಸಾದಾ ಫೋನಿನಿಂದ ಪುಕ್ಕಟೆ ಕರೆ ಮಾಡಿದರೆ ಸಾಕು, ಅಂದಿನ ಮಾತ್ರೆ ನುಂಗಿದ್ದು ದಾಖಲಾಯಿತು. ಅದು ಪರಿಪೂರ್ಣವಾಗಿರಲಿಲ್ಲ. ಮಾತ್ರೆ ನುಂಗಿಯೂ ಕರೆ ಮಾಡದವರು ಬಹಳ ಮಂದಿ ಇದ್ದಾರೆಂದು ಆಮೇಲೆ ಬಂದ ಅಧ್ಯಯನಗಳು ತೋರಿಸಿದವು. ಯಂತ್ರದ ಪುಸ್ತಕದಲ್ಲಿ ಅವರು ಮಾತ್ರೆ ತಪ್ಪಿಸಿದವರಾದರು. ಆದರೆ ಖಾಲಿಯಾದ ಗೂಡುಗಳಿರುವ ಆ ಹಾಳೆ ರೋಗಿಯ ಕೈಯಲ್ಲೇ ಉಳಿಯುತ್ತಿತ್ತು. ‘ನೋಡಿ, ಇಷ್ಟು ನುಂಗಿದ್ದೇನೆ’ ಎಂದು ತೋರಿಸಲು ಅವರ ಬಳಿಯೂ ಒಂದು ಲೆಕ್ಕವಿತ್ತು.

ಸೊಪ್ಪಿನವರ ಕ್ಯೂಆರ್ ಚೀಟಿಯಲ್ಲಿ ಇಲ್ಲದಿರುವುದು ಇದೇ. ಸಾವಿರ ಸಲ ಸ್ಕ್ಯಾನ್ ಆದರೂ ಅದರ ಮೇಲೆ ಒಂದು ಗುರುತೂ ಮೂಡುವುದಿಲ್ಲ. ಪೆಟ್ಟಿಗೆಯ ದನಿ ಮಾರ್ಕೆಟ್ಟಿನ ಗದ್ದಲದಲ್ಲಿ ಕರಗಿಹೋಗುತ್ತದೆ. ನೆನಪೆಲ್ಲ ಇನ್ನೆಲ್ಲೋ ಇರುತ್ತದೆ.

ಅದರ ಬಿಸಿ ತಟ್ಟಿದ್ದು 2025ರ ಜುಲೈನಲ್ಲಿ. ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕು ಮಾರುವವರು ವರ್ಷಕ್ಕೆ 40 ಲಕ್ಷ, ಸೇವೆ ನೀಡುವವರು 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ತೆರಿಗೆಯೇ ಇಲ್ಲದ ತರಕಾರಿ ಮಾರುವವರಿಗೂ ನೋಟಿಸ್ ಹೋಯಿತು. ನೆಂಟರು ಕಳಿಸಿದ್ದು, ಕೈಸಾಲ ವಾಪಸ್ ಬಂದದ್ದು ಎಲ್ಲವೂ ವ್ಯಾಪಾರದ ಲೆಕ್ಕಕ್ಕೆ ಸೇರಿದೆ ಎಂದು ವ್ಯಾಪಾರಿಗಳು ಹೇಳಿದರು. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಚೀಟಿ ಕಿತ್ತುಹೋಗಿ ‘ಕ್ಯಾಶ್ ಮಾತ್ರ’ ಎಂಬ ಬರಹ ಬಂತು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭರವಸೆ ಕೊಟ್ಟ ಮೇಲೆ ಗಲಾಟೆ ತಣ್ಣಗಾಯಿತು.

ತೆರಿಗೆ ಕೇಳಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ನೋಟಿಸ್‌ನಲ್ಲಿದ್ದ ನಾಲ್ಕು ವರ್ಷದ ಲೆಕ್ಕ ಸರ್ಕಾರಕ್ಕೆ ಗೊತ್ತಿತ್ತು, ಕಂಪನಿಗೆ ಗೊತ್ತಿತ್ತು, ದುಡಿದವರಿಗೆ ಮಾತ್ರ ಗೊತ್ತಿರಲಿಲ್ಲ; ನನ್ನ ತಕರಾರು ಅದರದ್ದು. ‘ಆ್ಯಪ್‌ನಲ್ಲಿ ಎಲ್ಲ ಇದೆಯಲ್ಲ’ ಎನ್ನಬಹುದು. ಎಷ್ಟೋ ಕಡೆ ಆ ಆ್ಯಪ್ ಇರುವುದು ಮಗನ ಫೋನಿನಲ್ಲಿ, ಮಗ ಇರುವುದು ಕೆಲಸದಲ್ಲಿ. ಪಾಸ್‌ಬುಕ್ ಇದೆ, ನಿಜ. ಬ್ಯಾಂಕಿನ ಯಂತ್ರಕ್ಕೆ ತೂರಿಸಿದರೆ ರಟ್ಟಿನ ಮೇಲಿನ ಬಾರ್‌ಕೋಡ್ ಓದಿಕೊಂಡು ಅಚ್ಚು ಹಾಕಿಕೊಡುತ್ತದೆ. ಆದರೆ ಹತ್ತು, ಇಪ್ಪತ್ತು, ಮೂವತ್ತು ರೂಪಾಯಿಗಳ ಸಾಲಿನಲ್ಲಿ ಒಂದೊಂದರ ಎದುರೂ ಹನ್ನೆರಡು ಅಂಕಿಯ ಸಂಖ್ಯೆ. ಓದು ಬಲ್ಲವರಿಗೂ ಅದರಿಂದ ವರ್ಷದ ವ್ಯಾಪಾರ ಹೊರಡುವುದಿಲ್ಲ.

ಕಾಗದದಲ್ಲಿ ಕೇಳಿದವರಿಗೆ ಕಾಗದದಲ್ಲೇ ಉತ್ತರ ಕೊಡುವುದು ನಮಗೇನೂ ಹೊಸದಲ್ಲ. ರಾಜ್ಯದ ‘ಭೂಮಿ’ ಯೋಜನೆ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ, ರೈತರು ಕೀಲಿಮಣೆ ಮುಟ್ಟಬೇಕಾಗಲಿಲ್ಲ. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಅಚ್ಚಾಗಿ ಕೈಗೆ ಬರುತ್ತಿತ್ತು. ಮತಯಂತ್ರದ ಮೇಲೆ ಅನುಮಾನ ಎದ್ದಾಗ ಪಕ್ಕಕ್ಕೆ ವಿವಿಪ್ಯಾಟ್ ಬಂತು, ಗಾಜಿನ ಹಿಂದೆ ಏಳು ಸೆಕೆಂಡು ಚೀಟಿ ತೋರಿಸಿತು. ಅಷ್ಟೇಕೆ, ಇದೇ ಮಡಿವಾಳದ ಸೋಮೇಶ್ವರ ದೇವಸ್ಥಾನದ ಗೋಡೆಯಲ್ಲಿ ಭೂದಾನದ ವಿವರ ಹೇಳುವ 1247ರ ತಮಿಳು ಶಾಸನವಿದೆ. ಹೋಗಿಬರುವವರೆಲ್ಲರ ಕಣ್ಣಿಗೆ ಬೀಳಲೆಂದೇ ಅದನ್ನು ಅಲ್ಲಿ ಕೆತ್ತಿದ್ದು.

ಹಾಗಾಗಿ ಸೌಂಡ್‌ಬಾಕ್ಸ್ ಬಾಡಿಗೆಗೆ ಕೊಡುವ ಕಂಪನಿಗಳು ತಿಂಗಳಿಗೊಂದು ಚೀಟಿಯನ್ನೂ ಕೊಡಲಿ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ: ಈ ತಿಂಗಳು ಇಷ್ಟು, ಏಪ್ರಿಲ್‌ನಿಂದ ಇಲ್ಲಿಯವರೆಗೆ ಇಷ್ಟು. ಜಿಎಸ್‌ಟಿ ಮಿತಿ ಹತ್ತಿರವಾದಾಗ ಪೆಟ್ಟಿಗೆ ಬಾಯಿ ಬಿಟ್ಟು ಹೇಳಲಿ. ಒಂದೊಂದು ಪಾವತಿಯನ್ನೂ ಕೂಗಿ ಹೇಳಬಲ್ಲ ಯಂತ್ರಕ್ಕೆ ಇದೇನೂ ಭಾರವಲ್ಲ. ಸರ್ಕಾರ ಇದನ್ನು ಕಡ್ಡಾಯ ಮಾಡಬೇಕು.

ಆ ಸೊಪ್ಪಿನವರ ಬುಟ್ಟಿಯ ಹಿಂದೆ ಒಂದು ಹಳೆಯ ಸಿಗರೇಟ್ ಪೊಟ್ಟಣದ ರಟ್ಟಿದೆ. ಪೆಟ್ಟಿಗೆ ಕೂಗಿದಾಗಲೆಲ್ಲ ಬಿಡುವಾದರೆ ಅದರ ಮೇಲೆ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆಯುತ್ತಾರೆ. ಗಿರಾಕಿಗಳು ಮುತ್ತಿಕೊಂಡಾಗ ಗೆರೆ ತಪ್ಪುತ್ತದೆ. ರಾತ್ರಿ ಒಂಬತ್ತಕ್ಕೆ ಮಗ ಬಂದಾಗ ಅವರು ಮೊದಲು ಕೇಳುವುದು, ‘ಫೋನಲ್ಲಿ ಎಷ್ಟಾಗಿದೆ ನೋಡು, ನಂದು ನಲವತ್ತೊಂದಿದೆ’ ಎಂದು.