ಮೊದಲು ಅಟ್ಟ ನೋಡಿ

ಈರೋಡಿನ ಮಾರುಕಟ್ಟೆಯಲ್ಲಿ ಅರಿಸಿನದ ಮಾದರಿ ನೋಡದೆ ವ್ಯಾಪಾರಿಗಳು ದರ ಹೇಳುವುದಿಲ್ಲ. ಆನ್‌ಲೈನ್ ಹರಾಜಿನಲ್ಲಿ ಮಾತ್ರ ‘ಅಪರೂಪದ ಪುಸ್ತಕ’ ಎಂದರೆ ಸಾಕು, ನಾವು ದುಡ್ಡು ಸುರಿಯುತ್ತೇವೆ.

ನಾನೂ ಸುರಿದವನೇ. ಕಿಟ್ಟೆಲ್ ನಿಘಂಟಿನ ಮೊದಲ ಮುದ್ರಣವೆಂದು ಮಗಳ ಫೀಸಿನ ದುಡ್ಡು ಹಾಕಿದೆ. ತಾಳವಾಡಿಯ ನಮ್ಮ ಅಂಗಡಿಗೆ ಬಂದದ್ದು ಮರುಮುದ್ರಣ. ಮೊದಲನೆಯದು 1894ರದ್ದು, ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನದ್ದು. ಶೀರ್ಷಿಕೆ ಪುಟದ ಫೋಟೊ ಕೇಳಿದ್ದರೆ ತಿಳಿಯುತ್ತಿತ್ತು. ಓದುವುದಕ್ಕಾದರೆ ಮರುಮುದ್ರಣವೇ ಸಾಕು, ಅದರ ಬೆಲೆಗೆ.

ಬಾಪ ಹೇಳಿದ್ದಿಷ್ಟೇ: “ಕೂಗುವ ಮೊದಲೇ ದರ ಬರೆದಿಡು. ಅದು ದಾಟಿದರೆ ಎದ್ದು ಬಾ.” ಕೊರಿಯರ್ ಖರ್ಚನ್ನೂ ಸೇರಿಸಿಯೇ ಬರೆಯಿರಿ.

ಅಜ್ಜನ ಪುಸ್ತಕಗಳನ್ನು ಗುಜರಿಗೆ ತೂಕಕ್ಕೆ ಹಾಕಿ, ಅಂಥದ್ದನ್ನೇ ಸಾವಿರಾರು ಕೊಟ್ಟು ತರುವ ನಮ್ಮವರೇ, ಹರಾಜಿಗೆ ಹೋಗುವ ಮುಂಚೆ ನಿಮ್ಮ ಮನೆಯ ಅಟ್ಟ ಹತ್ತಿ ನೋಡಿ.