ಹೊಳೆ ದಾಟಿದ ಮೇಲೆ ಅಂಬಿಗನ ಹಂಗಿಲ್ಲವೇ?



ಇವತ್ತು ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಕೂಸು ಹುಟ್ಟಿದರೆ 24 ಗಂಟೆಯೊಳಗೆ ಅದರ ತೊಡೆಗೆ ಹೆಪಟೈಟಿಸ್ ಬಿ ಲಸಿಕೆ ಚುಚ್ಚುತ್ತಾರೆ. ಯಕೃತ್ತನ್ನು ಕೆಡಿಸುವ ಈ ಕಾಯಿಲೆಯ ಲಸಿಕೆ ಮನುಷ್ಯರ ಮೈಗೆ ಬರುವ ಮೊದಲು ಚಿಂಪಾಂಜಿಗಳ ಮೈಮೇಲೆ ಪರೀಕ್ಷೆಯಾಗಿತ್ತು. ಆ ಪ್ರಯೋಗ ಸರಿಯೋ ತಪ್ಪೋ ಎಂಬ ಜಗಳ ಈ ಕರಪತ್ರದ್ದಲ್ಲ. ನಮ್ಮ ತಕರಾರು ಒಂದೇ: ಬಳಸಿಕೊಂಡವರೇ ಮುಪ್ಪಿನಲ್ಲೂ ಸಾಕಬೇಕು.

ಲೈಬೀರಿಯಾದಲ್ಲಿ ಆದದ್ದು ಕೇಳಿ. ಅಮೆರಿಕದ ರಕ್ತನಿಧಿ ಸಂಸ್ಥೆ ನ್ಯೂಯಾರ್ಕ್ ಬ್ಲಡ್ ಸೆಂಟರ್ 1974ರಲ್ಲಿ ಈ ಪಶ್ಚಿಮ ಆಫ್ರಿಕದ ದೇಶದಲ್ಲಿ ಪ್ರಯೋಗಾಲಯ ತೆರೆದು, ಹೆಪಟೈಟಿಸ್ ಸಂಶೋಧನೆಗೆ ಚಿಂಪಾಂಜಿಗಳನ್ನು ಇಟ್ಟುಕೊಂಡಿತು. ಕೆಲಸ ಮುಗಿದ ಮೇಲೆ ಅವುಗಳನ್ನು ನದಿಯ ದ್ವೀಪಗಳಲ್ಲಿ ಬಿಟ್ಟಿತು. ದ್ವೀಪವೆಂದರೆ ಸ್ವರ್ಗ ಅಂದುಕೊಳ್ಳಬೇಡಿ. ಚಿಂಪಾಂಜಿಗೆ ಈಜು ಬಾರದು, ಸುತ್ತಲ ನೀರೇ ಬೇಲಿ. ಸಮುದ್ರ ಹತ್ತಿರವಿರುವುದರಿಂದ ಆ ನೀರು ಉಪ್ಪುಪ್ಪು, ಬಾಯಿಗಿಡಲಾಗದು. ಅಷ್ಟೂ ಹೊಟ್ಟೆಗೆ ಸಾಲುವ ಹಣ್ಣು ಅಲ್ಲಿ ಬೆಳೆಯದು. ದೋಣಿ ಬಂದರೆ ಊಟ, ಇಲ್ಲದಿದ್ದರೆ ಉಪವಾಸ. ದೋಣಿ ಕಂಡರೆ ಸಾಕು, ಅವು ದಡಕ್ಕೆ ಓಡಿಬಂದು, ನೀರಿಗಿಳಿದು ಕೈ ಚಾಚುತ್ತವೆ.

2015ರಲ್ಲಿ, ಎಬೋಲಾದಿಂದ ಆ ದೇಶ ಇನ್ನೂ ತತ್ತರಿಸುತ್ತಿದ್ದಾಗಲೇ, ಸೆಂಟರ್ ಹಣ ನಿಲ್ಲಿಸಿತು. ಸಾಕುವ ಕರಾರು ನಮಗಿಲ್ಲ ಎಂದಿತು. ದ್ವೀಪಗಳಲ್ಲಿ 60ಕ್ಕೂ ಹೆಚ್ಚು ಜೀವಗಳಿದ್ದವು. ಅವುಗಳನ್ನು ಬದುಕಿಸಿದ್ದು ಕೈಬಿಡದೆ ಊಟ ಸಾಗಿಸಿದ ಲೈಬೀರಿಯಾದ ನೌಕರರು ಮತ್ತು ದೇಣಿಗೆ ಎತ್ತಿದ ಪ್ರಾಣಿದಯಾ ಸಂಘಟನೆಗಳು. ಜನ ಛೀಮಾರಿ ಹಾಕಿದ ಮೇಲೆ, 2017ರಲ್ಲಿ, ಸೆಂಟರ್ 60 ಲಕ್ಷ ಡಾಲರ್ ಕೊಡಲು ಒಪ್ಪಿತು. ಎರಡು ವರ್ಷ ಬೇಕಾಯಿತು!

ಕಾಡಿಗೇ ಬಿಟ್ಟರಾಗದೇ ಎಂದು ಕೇಳುವವರಿದ್ದಾರೆ. ಪಂಜರದಲ್ಲಿ ಬೆಳೆದದ್ದಕ್ಕೆ ಆಹಾರ ಹುಡುಕಲು ಬಾರದು, ಮನುಷ್ಯನ ಭಯವಿಲ್ಲ. ಮೈಯಲ್ಲಿರುವ ರೋಗ ಕಾಡಿನ ಹಿಂಡಿಗೂ ಅಂಟೀತು. ಬಡವರಿಗೇ ಇಲ್ಲದ ದುಡ್ಡು ಇವಕ್ಕೇಕೆ ಎಂಬುದು ಇನ್ನೊಂದು ಪ್ರಶ್ನೆ. ನಾವು ಬಡವರ ಪಾಲು ಕೇಳುತ್ತಿಲ್ಲ, ಸಂಶೋಧನೆಯ ಬಜೆಟ್ಟಿನಲ್ಲಿ ಬಾಕಿ ಉಳಿದ ಖರ್ಚನ್ನು ಕೇಳುತ್ತಿದ್ದೇವೆ. ಚಿಂಪಾಂಜಿ 50 ದಾಟಿ ಬದುಕಬಲ್ಲದು. ಪ್ರಯೋಗ ಅದಕ್ಕೂ ಮೊದಲೇ ಮುಗಿಯುತ್ತದೆ.

ಪ್ರಯೋಗ ಮುಗಿದ ಚಿಂಪಾಂಜಿಗಳ ಆರೈಕೆಗೆ ಅಮೆರಿಕ 2000ದಲ್ಲೇ ಒಂದು ಕಾನೂನು ತಂದಿತು. ಲೂಯಿಸಿಯಾನದ ಚಿಂಪ್ ಹೇವನ್ ಎಂಬ ಧಾಮದಲ್ಲಿ ಸರ್ಕಾರಿ ಚಿಂಪಾಂಜಿಗಳಿಗೆ ಮರ, ಹುಲ್ಲು, ಜೊತೆಗಾರರು ಸಿಕ್ಕರು. ತನ್ನ ನೆಲದಾಚೆಗೆ ಬಿಟ್ಟವಕ್ಕೆ ಮಾತ್ರ ಆ ಕಾನೂನು ನೆರಳಾಗಲಿಲ್ಲ.

ನಮ್ಮ ದೇಶದ ನಿಯಮವೂ ಪ್ರಯೋಗದ ನಂತರದ ಆರೈಕೆಯ ವೆಚ್ಚ ಸಂಶೋಧನಾ ವೆಚ್ಚದ ಭಾಗವೇ ಎನ್ನುತ್ತದೆ. ಆದರೂ ಬೆಂಗಳೂರಿನ ಪ್ರಯೋಗಾಲಯಗಳಿಂದ ಹೊರಬಂದ ಬೀಗಲ್ ನಾಯಿಗಳಿಗೆ ಮನೆ ಹುಡುಕಿಕೊಟ್ಟದ್ದು ಸ್ವಯಂಸೇವಕರು. ಆದ್ದರಿಂದ ನಮ್ಮ ಬೇಡಿಕೆ: ಪ್ರಯೋಗಕ್ಕೆ ಅನುಮತಿ ಕೊಡುವ ಮೊದಲೇ ಪ್ರಾಣಿಯ ಜೀವಮಾನದ ಖರ್ಚನ್ನು ಪ್ರತ್ಯೇಕ ಖಾತೆಯಲ್ಲಿ ಠೇವಣಿ ಇಡಿಸಿ. ಸಂಸ್ಥೆಗಳ ಪ್ರಾಣಿ ನೈತಿಕ ಸಮಿತಿಯಲ್ಲಿ ಕೂರುವವರು ನಿಮ್ಮಲ್ಲಿದ್ದರೆ, ಮುಂದಿನ ಕಡತಕ್ಕೆ ಸಹಿ ಹಾಕುವ ಮುನ್ನ ಆ ಖಾತೆಯ ರಸೀದಿ ಕೇಳಿ.